ಆ್ಯಂಕರ್‌ಗೆ ಕೋಟಿ ಕೋಟಿ, ದುಡ್ಡು ಯಾರದು? ಈ ವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಮುಂಬಯಿ ಕನ್ನಡಿಗರ ನಮ್ಮ ಗುಂಪಿನಲ್ಲಿ ಈ ವಾರ ಉತ್ತರ ಕೊಡುವವರು ಗೋರೆಗಾಂವ್‌ನ ಅಕ್ಕ ಒಬ್ಬರು. ಟಿವಿ ಕಾರ್ಯಕ್ರಮಗಳಿಗೆ ಬಜೆಟ್ ಹಾಕುವುದು, ಶೂಟಿಂಗ್ ಖರ್ಚು ನೋಡಿಕೊಳ್ಳುವುದು ಅವರ ಕಸುಬು. ಜನರ ದುಡ್ಡಿನಲ್ಲಿ ನಡೆಯುವ ರೇಡಿಯೋ, ಟಿವಿಯಲ್ಲಿ ನಿರೂಪಕರಿಗೆ ಕೊಡುವ ದೊಡ್ಡ ಸಂಭಾವನೆಯ ಬಗ್ಗೆ ಕೇಳಿ. ಪಕ್ಷಗಳ ಜಗಳ ಬೇಡ.

ಪ್ರಶ್ನೆ (ಡೊಂಬಿವಲಿ): ಮೇಡಂ, ನನ್ನ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಅಲ್ಲಿ ಮನೆಯಲ್ಲಿ ಟಿವಿ ನೋಡಲು ಲೈಸೆನ್ಸ್ ಬೇಕಂತೆ. 2025ರ ಏಪ್ರಿಲ್‌ನಲ್ಲಿ ಅದು ವರ್ಷಕ್ಕೆ 174.50 ಪೌಂಡ್ ಆಗಿತ್ತು. ನಮ್ಮ ಲೆಕ್ಕದಲ್ಲಿ ಇಪ್ಪತ್ತು ಸಾವಿರ ರೂಪಾಯಿ ಹತ್ತಿರ. ಕಟ್ಟದೆ ನೋಡಿದರೆ ಕೇಸ್ ಹಾಕುತ್ತಾರೆ. ಆ ದುಡ್ಡಿನಲ್ಲಿ ಬಿಬಿಸಿಯವರು ಒಬ್ಬ ಫುಟ್‌ಬಾಲ್ ನಿರೂಪಕರಿಗೆ ವರ್ಷಕ್ಕೆ ಹದಿಮೂರು ಲಕ್ಷ ಪೌಂಡ್ ಕೊಡುತ್ತಿದ್ದರು ಅಂತ ಓದಿದೆ. ನನ್ನ ಮಗಳು ಫುಟ್‌ಬಾಲ್ ನೋಡುವುದೇ ಇಲ್ಲ. ಇದು ಸರೀನಾ?

ಉತ್ತರ: ಸರ್, ನೀವು ಹೇಳುತ್ತಿರುವುದು ಗ್ಯಾರಿ ಲಿನೆಕರ್ ಬಗ್ಗೆ. ಬಿಬಿಸಿ ಪ್ರಕಟಿಸಿದ 2023-24ರ ಸಂಭಾವನೆಯ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ 13.5 ಲಕ್ಷ ಪೌಂಡ್ ಇತ್ತು. 2025ರ ಮೇ ತಿಂಗಳಲ್ಲಿ ಅವರು ಬಿಬಿಸಿ ಬಿಟ್ಟರು. ಮೊದಲು ಆ ಮೊತ್ತವನ್ನು ಭಾಗಿಸಿ ನೋಡೋಣ. ಲೈಸೆನ್ಸ್ ಕಟ್ಟುವ ಮನೆಗಳು ಸುಮಾರು 2.4 ಕೋಟಿ. ಅಂದರೆ ನಿಮ್ಮ ಮಗಳ ಮನೆಯಿಂದ ಅವರಿಗೆ ಹೋದದ್ದು ವರ್ಷಕ್ಕೆ ಆರು ಪೆನ್ನಿಗಿಂತ ಕಡಿಮೆ. ಆರೇಳು ರೂಪಾಯಿ. ಅವರಿಗೆ ಒಂದು ಪೌಂಡೂ ಕೊಡದಿದ್ದರೂ ಲೈಸೆನ್ಸ್ ದರ ಇಳಿಯುತ್ತಿರಲಿಲ್ಲ.

ಹಾಗಂತ ನಿಮ್ಮ ಪ್ರಶ್ನೆ ತಪ್ಪಲ್ಲ. ಖಾಸಗಿ ಚಾನೆಲ್ ಇಷ್ಟವಾಗದಿದ್ದರೆ ನಾವು ದುಡ್ಡು ನಿಲ್ಲಿಸಬಹುದು. ಲೈವ್ ಟಿವಿ ನೋಡುವ ಮನೆಯವರು ಬಿಬಿಸಿ ಬೇಡ ಅಂದರೂ ಲೈಸೆನ್ಸ್ ಕಟ್ಟಲೇಬೇಕು. ಕಡ್ಡಾಯವಾಗಿ ತೆಗೆದುಕೊಂಡ ದುಡ್ಡಿಗೆ ಲೆಕ್ಕ ಕೇಳುವ ಹಕ್ಕು ಜಾಸ್ತಿ ಇರುತ್ತದೆ.

ಆ ಲೆಕ್ಕ ಬಹಳ ವರ್ಷ ಸಿಗಲಿಲ್ಲ. ಒಂದೂವರೆ ಲಕ್ಷ ಪೌಂಡಿಗಿಂತ ಜಾಸ್ತಿ ಪಡೆಯುವವರ ಹೆಸರು ಪ್ರಕಟಿಸಬೇಕು ಅಂತ ಆಮೇಲೆ ಷರತ್ತು ಬಂತು. ಮೊದಲ ಪಟ್ಟಿ ಹೊರಬಂದದ್ದು 2017ರ ಜುಲೈನಲ್ಲಿ. ಮೇಲ್ಗಡೆ ಇದ್ದವರು ರೇಡಿಯೋ ನಿರೂಪಕ ಕ್ರಿಸ್ ಎವನ್ಸ್, 22 ಲಕ್ಷ ಪೌಂಡಿಗೂ ಮೇಲೆ. ಹೆಂಗಸರಲ್ಲಿ ಎಲ್ಲರಿಗಿಂತ ಜಾಸ್ತಿ ಪಡೆಯುತ್ತಿದ್ದವರು ಕ್ಲಾಡಿಯಾ ವಿಂಕಲ್‌ಮನ್, ಐದು ಲಕ್ಷದೊಳಗೆ. ಪಟ್ಟಿಯಲ್ಲಿದ್ದವರಲ್ಲಿ ಮೂರರಲ್ಲಿ ಎರಡು ಪಾಲು ಗಂಡಸರು. ಇಷ್ಟು ಯಾಕೆ ಅಂತ ಅಲ್ಲಿವರೆಗೆ ಕೇಳುತ್ತಿದ್ದ ಜನ ಅಂದಿನಿಂದ ಅವರಿಗಷ್ಟು ಇವರಿಗಿಷ್ಟು ಯಾಕೆ ಅಂತ ಕೇಳತೊಡಗಿದರು. ನನಗೆ ಎರಡನೆಯದೇ ದೊಡ್ಡ ಪ್ರಶ್ನೆ.

ಒಂದು ಉದಾಹರಣೆ ನೋಡಿ. ಸಮೀರಾ ಅಹ್ಮದ್ ಬಿಬಿಸಿಯಲ್ಲಿ ಸುದ್ದಿಯ ಬಗ್ಗೆ ವೀಕ್ಷಕರ ದೂರು, ಅಭಿಪ್ರಾಯ ಇಟ್ಟುಕೊಂಡು ಕಾಲು ಗಂಟೆಯ ಕಾರ್ಯಕ್ರಮ ನಡೆಸುತ್ತಿದ್ದರು. ಒಂದು ಕಂತಿಗೆ 440 ಪೌಂಡ್. ಅದೇ ಬಿಬಿಸಿಯಲ್ಲಿ ಜೆರೆಮಿ ವೈನ್ ಕೂಡ ವೀಕ್ಷಕರ ಅಭಿಪ್ರಾಯಗಳದ್ದೇ ಕಾರ್ಯಕ್ರಮ ಮಾಡುತ್ತಿದ್ದರು. ಅದೂ ಕಾಲು ಗಂಟೆ. ಕಂತಿಗೆ 3,000 ಪೌಂಡ್. ಸಮೀರಾ ಉದ್ಯೋಗ ನ್ಯಾಯಮಂಡಳಿಗೆ ಹೋದರು. ವೈನ್ ಅವರ ಕಾರ್ಯಕ್ರಮಕ್ಕೆ ತುಂಟತನ ಬೇಕು, ಕಣ್ಣಲ್ಲಿ ಒಂದು ಮಿಂಚು ಬೇಕು ಅಂತ ಬಿಬಿಸಿ ವಾದಿಸಿತು. ಅವರು ಓದುತ್ತಿದ್ದದ್ದು ಬರೆದಿಟ್ಟ ಸ್ಕ್ರಿಪ್ಟ್, ಕಣ್ಣು ತಿರುಗಿಸು ಅಂತಿದ್ದರೆ ತಿರುಗಿಸುತ್ತಿದ್ದರು, ಅದಕ್ಕೆ ವಿಶೇಷ ಕೌಶಲವೇನೂ ಬೇಡ ಅಂತ ಮಂಡಳಿ ಹೇಳಿತು. 2020ರ ಜನವರಿಯಲ್ಲಿ ಸಮೀರಾ ಗೆದ್ದರು. ಅದಕ್ಕೂ ಮೊದಲು, 2018ರಲ್ಲಿ, ಕ್ಯಾರಿ ಗ್ರೇಸಿ ಇದೇ ಕಾರಣಕ್ಕೆ ಚೀನಾ ಸಂಪಾದಕಿಯ ಹುದ್ದೆ ಬಿಟ್ಟಿದ್ದರು. ಬಿಬಿಸಿ ಕ್ಷಮೆ ಕೇಳಿ ಬಾಕಿ ಕೊಟ್ಟಿತು. ಆ ಬಾಕಿಯನ್ನು ಅವರು ಹೆಂಗಸರ ಹಕ್ಕಿಗೆ ಹೋರಾಡುವ ಸಂಸ್ಥೆಗೆ ದಾನ ಕೊಟ್ಟರು.

ಪಟ್ಟಿ ಹೊರಗೆ ಬಾರದಿದ್ದರೆ ಇವರ ಹೋರಾಟಕ್ಕೆ ಅಷ್ಟು ಬಲ ಬರುತ್ತಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಪ್ರಶ್ನೆ (ಅಂಧೇರಿ): ಅಕ್ಕಾ, ನಾನು ಎಡಿಟರ್. ಮಾರ್ಕೆಟ್ ರೇಟ್ ಅಂತ ಒಂದು ಇರುತ್ತಲ್ವಾ? ಕೊಡದಿದ್ದರೆ ಒಳ್ಳೆಯವರೆಲ್ಲ ಬೇರೆ ಕಡೆ ಹೋಗ್ತಾರೆ. ಆಮೇಲೆ ಕೇಳೋರು ಯಾರು?

ಉತ್ತರ: ಹೋಗ್ತಾರೆ ತಮ್ಮಾ, ನಿಜ. ಕ್ರಿಸ್ ಎವನ್ಸ್ 2018ರ ಕೊನೆಗೆ ಬಿಬಿಸಿ ರೇಡಿಯೋ 2 ಬಿಟ್ಟು ಖಾಸಗಿ ರೇಡಿಯೋಗೆ ಹೋದರು. 2023ರಲ್ಲಿ ಅದೇ ರೇಡಿಯೋ 2ರ ನಿರೂಪಕ ಕೆನ್ ಬ್ರೂಸ್ ಹೋದರು, ಕೇಳುಗರಲ್ಲೂ ಬಹಳಷ್ಟು ಜನ ಅವರ ಹಿಂದೆ ಹೋದರು. ದನಿಗೆ ಬೆಲೆ ಇಲ್ಲ ಅಂತ ನಾನು ಯಾವತ್ತೂ ಹೇಳುವುದಿಲ್ಲ. ನಮ್ಮ ಮುಂಬಯಿಯ ಅಮೀನ್ ಸಯಾನಿ ಅವರನ್ನೇ ನೆನೆಯಿರಿ. 1952ರಲ್ಲಿ ರೇಡಿಯೋ ಸಿಲೋನ್‌ನಿಂದ ಅವರ ದನಿ ಶುರುವಾದ ಮೇಲೆ ದೇಶವೇ ಆ ಕಡೆ ಕಿವಿ ಕೊಟ್ಟಿತು. ಆದರೆ ಅದೇ ಹೊತ್ತಿಗೆ ಆಕಾಶವಾಣಿಯಲ್ಲಿ ಸಿನಿಮಾ ಹಾಡು ಇಲ್ಲವಾಗಿತ್ತು ಅನ್ನುವುದನ್ನೂ ಮರೆಯಬೇಡ. ಜನ ಹಾಡು ಹುಡುಕಿಕೊಂಡೂ ಹೋಗಿದ್ದರು. 1957ರಲ್ಲಿ ವಿವಿಧ ಭಾರತಿ ಶುರುವಾಯಿತು. ಹೆಸರಾಂತ ಒಬ್ಬರನ್ನು ದುಡ್ಡು ಕೊಟ್ಟು ಎಳೆದು ತರುವ ದಾರಿ ಹಿಡಿಯದೆ, ಜನರಿಗೆ ಬೇಕಾದ್ದನ್ನು ಕೊಡುವ ಹೊಸ ಸೇವೆಯನ್ನೇ ಕಟ್ಟಿದರು. ಕೇಳುಗರು ವಾಪಸ್ ಬಂದರು.

ಸಾರ್ವಜನಿಕ ಪ್ರಸಾರದ ಕೆಲಸ ಹರಾಜಿನಲ್ಲಿ ಕೂಗುವುದಲ್ಲ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಮಾರುಕಟ್ಟೆ ಈಗಾಗಲೇ ಬೆಲೆ ಕಟ್ಟಿರುವವರನ್ನು ಮಾರುಕಟ್ಟೆ ನೋಡಿಕೊಳ್ಳುತ್ತದೆ. ಬೇರೆ ಯಾರೂ ದುಡ್ಡು ಹಾಕದ ಕೆಲಸ ಇದೆಯಲ್ಲ, ಹಳ್ಳಿ ಕಡೆಯ ಸುದ್ದಿ, ರೈತರ ಕಾರ್ಯಕ್ರಮ, ಸಣ್ಣ ಭಾಷೆಗಳ ಪ್ರಸಾರ, ಹೊಸಬರಿಗೆ ಮೈಕ್ ಕೊಡುವುದು, ಜನರ ದುಡ್ಡು ಮೊದಲು ಅಲ್ಲಿಗೆ ಹೋಗಬೇಕು. ಬೆಳೆದವರು ಆಮೇಲೆ ಬಿಟ್ಟು ಹೋದರೆ ಹೋಗಲಿ.

ಪ್ರಶ್ನೆ (ಮಾಟುಂಗ): ನಮ್ಮಲ್ಲಿ ಲೈಸೆನ್ಸ್ ಇಲ್ಲವಲ್ಲ ಮೇಡಂ. ದೂರದರ್ಶನ, ಆಕಾಶವಾಣಿಗೆ ನಾವು ಏನು ಕೊಡ್ತೀವಿ?

ಉತ್ತರ: ಮೊದಲು ಇತ್ತು. ಪೋಸ್ಟ್ ಆಫೀಸಿನಲ್ಲಿ ರೇಡಿಯೋ ಲೈಸೆನ್ಸ್ ಪುಸ್ತಕ ಹಿಡಿದು ಸಾಲು ನಿಂತದ್ದು ನಮ್ಮ ಹಿರಿಯರಿಗೆ ನೆನಪಿರುತ್ತದೆ. ಅದು 1980ರ ದಶಕದಲ್ಲಿ ರದ್ದಾಯಿತು. ಈಗ ನಾವು ಕೊಡುವುದು ತೆರಿಗೆಯಲ್ಲಿ, ಹಾಗಾಗಿ ಕಣ್ಣಿಗೆ ಕಾಣುವುದಿಲ್ಲ. ವರಳಿಯ ದೂರದರ್ಶನ, ಚರ್ಚ್‌ಗೇಟ್ ಕಡೆಯ ಆಕಾಶವಾಣಿ ಎರಡೂ ಪ್ರಸಾರ ಭಾರತಿಯ ಕೆಳಗೆ ಬರುತ್ತವೆ. ಅದರ ಕಾಯ್ದೆ 1990ರದ್ದು, ಜಾರಿಗೆ ಬಂದದ್ದು 1997ರಲ್ಲಿ. ನೌಕರರ ಸಂಬಳಕ್ಕೆ ಕೇಂದ್ರದಿಂದ ಅನುದಾನ ಬರುತ್ತದೆ. ಜಾಹೀರಾತು, ದೂರದರ್ಶನದ ಉಚಿತ ಡಿಶ್ ಸೇವೆಯಾದ ಡಿಡಿ ಫ್ರೀ ಡಿಶ್‌ನಲ್ಲಿ ಖಾಸಗಿ ಚಾನೆಲ್‌ಗಳಿಗೆ ಜಾಗ ಹರಾಜು ಹಾಕುವುದು, ಇವು ಸ್ವಂತ ಆದಾಯ. ಫ್ರೀ ಡಿಶ್‌ಗೆ ತಿಂಗಳ ಬಾಡಿಗೆ ಇಲ್ಲ. ದುಡ್ಡಿಗೆ ತಕ್ಕ ಬೆಲೆ ಎಲ್ಲಿ ಸಿಗುತ್ತಿದೆ ಅಂತ ಕೇಳಿದರೆ ನಾನು ಮೊದಲು ತೋರಿಸುವುದು ಅದನ್ನೇ.

ಪ್ರಶ್ನೆ (ಮುಲುಂದ್): ಅಕ್ಕಾ, 2025ರಲ್ಲಿ ಡಿಡಿ ನ್ಯೂಸ್‌ಗೆ ಖಾಸಗಿ ಚಾನೆಲ್‌ನ ಒಬ್ಬ ದೊಡ್ಡ ಹಿಂದಿ ಆ್ಯಂಕರ್ ಬಂದರು. ವರ್ಷಕ್ಕೆ 15 ಕೋಟಿ ಹತ್ತಿರ ಅಂತ ಪೇಪರ್‌ನಲ್ಲಿ ಬಂತು. ಇಷ್ಟೊಂದು ಸಂಬಳವಾ?

ಉತ್ತರ: ಇಂಥ ಸುದ್ದಿ ಓದುವಾಗ ಮೊದಲು ಒಂದು ಕೇಳಬೇಕು. ಅದು ಸಂಬಳವೋ, ಪ್ಯಾಕೇಜೋ? ಈ ಮಟ್ಟದ ಒಪ್ಪಂದಗಳು ಸಾಮಾನ್ಯವಾಗಿ ಆ್ಯಂಕರ್ ಜೊತೆ ಆಗುವುದಿಲ್ಲ, ಪ್ರೊಡಕ್ಷನ್ ಕಂಪನಿಯ ಜೊತೆ ಆಗುತ್ತವೆ. ಆ ಮೊತ್ತದಲ್ಲಿ ಬರೆಯುವವರು, ರಿಸರ್ಚ್ ಮಾಡುವವರು, ಎಡಿಟಿಂಗ್, ಗ್ರಾಫಿಕ್ಸ್ ಎಲ್ಲ ಸೇರಿರಬಹುದು. ವರ್ಷಕ್ಕೆ ಎಷ್ಟು ಕಂತು, ಸ್ಟುಡಿಯೋ ಯಾರದು, ಕ್ಯಾಮೆರಾ ಯಾರದು, ಇಷ್ಟು ಗೊತ್ತಾದರೆ ಮಾತ್ರ ಅದು ಜಾಸ್ತಿಯೋ ಕಡಿಮೆಯೋ ಹೇಳಬಹುದು. ಮೊತ್ತ ಬಿಡಿಬಿಡಿಯಾಗಿ ಹೊರಗೆ ಬರಬೇಕು ಅನ್ನುವುದೇ ನನ್ನ ಒತ್ತಾಯ.

ನಮ್ಮ ಬಜೆಟ್ ಶೀಟ್ ಹೇಗಿರುತ್ತದೆ ಅಂತ ಹೇಳುತ್ತೇನೆ. ಮೇಲಿನ ಭಾಗಕ್ಕೆ ಅಬೋವ್ ದ ಲೈನ್ ಅನ್ನುತ್ತೇವೆ. ಆ್ಯಂಕರ್, ನಿರ್ದೇಶಕ, ಬರಹಗಾರ ಅಲ್ಲಿ. ಕೆಳಗಿನದು ಬಿಲೋ ದ ಲೈನ್. ಕ್ಯಾಮೆರಾ, ಲೈಟ್, ಸೌಂಡ್, ಎಡಿಟಿಂಗ್, ಸೆಟ್‌ನಲ್ಲಿ ಚಹಾ ನೀರು ಕೊಡುವ ಸ್ಪಾಟ್ ದಾದಾ, ಓಡಾಟದ ಖರ್ಚು, ಊಟ. ದೊಡ್ಡ ಹೆಸರು ಬಂದರೆ ಅದರ ಜೊತೆಗೆ ವ್ಯಾನಿಟಿ ವ್ಯಾನ್, ಅವರದೇ ಮೇಕಪ್‌ನವರು, ಸ್ಟೈಲಿಸ್ಟ್, ಡ್ರೈವರ್ ಎಲ್ಲ ಬರುತ್ತಾರೆ. ಬಜೆಟ್ ಮೀರಿತು ಅಂದುಕೊಳ್ಳಿ. ಮೇಲಿನ ಸಾಲನ್ನು ಯಾರೂ ಮುಟ್ಟುವುದಿಲ್ಲ, ಅಲ್ಲಿ ಕಾಂಟ್ರ್ಯಾಕ್ಟ್ ಇದೆ, ಅಡ್ವಾನ್ಸ್ ಹೋಗಿದೆ. ಕತ್ತರಿ ಬೀಳುವುದು ಕೆಳಗೆ. ಎಡಿಟಿಂಗ್ ದಿನ ಕಡಿಮೆ ಮಾಡುತ್ತಾರೆ. ರಿಸರ್ಚ್‌ಗೆ ಇಬ್ಬರು ಬೇಕಾದಲ್ಲಿ ಒಬ್ಬರನ್ನು ಇಡುತ್ತಾರೆ. ಇನ್ನು ಈ ಊರಿನಲ್ಲಿ ಕೆಳಗಿನವರಿಗೆ ಪೇಮೆಂಟ್ ತೊಂಬತ್ತು ದಿನ ಆದ ಮೇಲೆ. ಅಂಧೇರಿಯ ತಮ್ಮನಿಗೆ ಇದನ್ನು ನಾನು ಹೇಳಬೇಕಾಗಿಲ್ಲ.

ಹಾಗಾಗಿ ದೊಡ್ಡ ಸಂಭಾವನೆಯ ನಿಜವಾದ ಖರ್ಚು ಆ ಒಂದು ಸಾಲಿನಲ್ಲಿ ಕಾಣುವುದಿಲ್ಲ. ಅದರಿಂದ ಏನು ಮಾಡಲಾಗಲಿಲ್ಲ ಅನ್ನುವುದರಲ್ಲಿ ಇರುತ್ತದೆ.

ಆಕಾಶವಾಣಿಯ ಕ್ಯಾಶುಯಲ್, ಅಂದರೆ ಕಾಯಂ ಅಲ್ಲದ, ಅನೌನ್ಸರ್‌ಗಳ ಸ್ಥಿತಿ ನೋಡಿ. ಬೆಳಿಗ್ಗೆ ನಿಲಯ ತೆರೆಯುವ ದನಿ, ಊರ ಭಾಷೆ ಸ್ವಚ್ಛವಾಗಿ ಮಾತಾಡುವ ದನಿ ಬಹಳ ಕಡೆ ಅವರದೇ. ಆಡಿಷನ್ ಪಾಸಾಗಿರುತ್ತಾರೆ, ತರಬೇತಿ ಆಗಿರುತ್ತದೆ. ಕೊಡುವುದು ತಿಂಗಳಿಗೆ ಹೆಚ್ಚೆಂದರೆ 6 ಡ್ಯೂಟಿ. ಅದಕ್ಕಿಂತ ಜಾಸ್ತಿ ಕೊಟ್ಟರೆ ಕಾಯಂ ಮಾಡಿ ಅಂತ ಕೇಳುತ್ತಾರೆ ಅನ್ನುವ ಅಂಜಿಕೆ ಅದರ ಹಿಂದೆ ಇದೆ. ವರ್ಷಗಟ್ಟಲೆ ಹೀಗೇ ದುಡಿದವರಿದ್ದಾರೆ. ಆರು ಡ್ಯೂಟಿಯ ದುಡ್ಡಿನಲ್ಲಿ ಸಂಸಾರ ನಡೆಯುತ್ತದಾ? ಒಂದೇ ಸಂಸ್ಥೆಯಲ್ಲಿ ಮೇಲೆ ಕೋಟಿಯ ಒಪ್ಪಂದ, ಕೆಳಗೆ ಆರು ಡ್ಯೂಟಿಯ ಮಿತಿ ಇದ್ದರೆ ನನಗೆ ಹೊಟ್ಟೆ ಉರಿಯುತ್ತದೆ. ಆ್ಯಂಕರ್ ಯಾವ ಚಾನೆಲ್‌ನಿಂದ ಬಂದರು, ಯಾರ ಪರ ಮಾತಾಡುತ್ತಾರೆ ಅನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಪ್ರಶ್ನೆ (ವಸಾಯಿ): ಎಲ್ಲರ ಸಂಬಳ ಹೊರಗೆ ಹಾಕಿದರೆ ಒಬ್ಬರನ್ನು ನೋಡಿ ಇನ್ನೊಬ್ಬರು ಜಾಸ್ತಿ ಕೇಳ್ತಾರೆ. ಖರ್ಚು ಇನ್ನೂ ಏರುತ್ತೆ. ನನಗಂತೂ ಒಪ್ಪಿಗೆ ಇಲ್ಲ.

ಉತ್ತರ: ಕೇಳಬಹುದು, ಕೇಳಲಿ. ಮುಚ್ಚಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಐರ್ಲೆಂಡ್ ಇದೆ. ಅಲ್ಲಿಯ ಸಾರ್ವಜನಿಕ ಪ್ರಸಾರ ಸಂಸ್ಥೆ ಆರ್‌ಟಿಇ. ಲೈಸೆನ್ಸ್ ವರ್ಷಕ್ಕೆ 160 ಯೂರೋ. ದೊಡ್ಡ ನಿರೂಪಕರ ಸಂಭಾವನೆ ಅವರೂ ಪ್ರಕಟಿಸುತ್ತಿದ್ದರು. 2023ರ ಜೂನ್‌ನಲ್ಲಿ ಗೊತ್ತಾಯಿತು, ಅಲ್ಲಿಯ ಹೆಸರಾಂತ ನಿರೂಪಕ ರಯಾನ್ ಟಬ್ರಿಡಿಗೆ 2017ರಿಂದ 2022ರ ನಡುವೆ ಹೇಳಿದ್ದಕ್ಕಿಂತ 3,45,000 ಯೂರೋ ಹೆಚ್ಚಿಗೆ ಹೋಗಿದೆ. ಮಹಾನಿರ್ದೇಶಕಿ ರಾಜೀನಾಮೆ ಕೊಟ್ಟರು. ಜನ ಲೈಸೆನ್ಸ್ ಕಟ್ಟುವುದನ್ನೇ ನಿಲ್ಲಿಸತೊಡಗಿದರು. ಕೊನೆಗೆ 2024ರಲ್ಲಿ ಸರ್ಕಾರ, ಲೈಸೆನ್ಸ್ ದುಡ್ಡಿಗೆ ಖಜಾನೆಯ ದುಡ್ಡು ಸೇರಿಸಿ ಮೂರು ವರ್ಷಕ್ಕೆ 72.5 ಕೋಟಿ ಯೂರೋ ಒಪ್ಪಿಕೊಳ್ಳಬೇಕಾಯಿತು. ಸಂಭಾವನೆ ಸ್ವಲ್ಪ ಏರಿದರೆ ಆಗುವ ನಷ್ಟಕ್ಕಿಂತ ನಂಬಿಕೆ ಹೋದರೆ ಆಗುವ ನಷ್ಟ ಎಷ್ಟೋ ದೊಡ್ಡದು.

ಅರ್ಧ ಪಟ್ಟಿಯೂ ಸಾಲದು. ಬಿಬಿಸಿಯದೇ ವ್ಯಾಪಾರಿ ಕಂಪನಿಯಾದ ಬಿಬಿಸಿ ಸ್ಟುಡಿಯೋಸ್ ಅಥವಾ ಹೊರಗಿನ ಕಂಪನಿಗಳ ಮೂಲಕ ದುಡ್ಡು ಪಡೆಯುವ ಮನರಂಜನೆಯ ದೊಡ್ಡ ತಾರೆಯರು ಬಿಬಿಸಿಯ ಪಟ್ಟಿಯಲ್ಲಿ ಬರುವುದಿಲ್ಲ. ನಾವು ನಮ್ಮಲ್ಲಿ ಕೇಳುವಾಗ ಈ ಸಂದು ಮುಚ್ಚಿಯೇ ಕೇಳಬೇಕು.

ಪ್ರಶ್ನೆ (ಮುಲುಂದ್): ಹಾಗಾದರೆ ನಾವು ಕೇಳುವುದು ಹೇಗೆ?

ಉತ್ತರ: ಪ್ರಸಾರ ಭಾರತಿಗೆ 2005ರ ಮಾಹಿತಿ ಹಕ್ಕು ಕಾಯ್ದೆ ಅನ್ವಯಿಸುತ್ತದೆ. ಕೇಂದ್ರದ ಆರ್‌ಟಿಐ ಆನ್‌ಲೈನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಇಷ್ಟೊಂದು ಯಾಕೆ ಕೊಟ್ಟಿರಿ ಅಂತ ಬರೆಯಬೇಡಿ. ಅಭಿಪ್ರಾಯ ಹೇಳುವುದು ಮಾಹಿತಿ ಅಧಿಕಾರಿಯ ಕೆಲಸ ಅಲ್ಲ, ಅರ್ಜಿ ಅಲ್ಲೇ ನಿಂತುಬಿಡುತ್ತದೆ. ಕಾಗದ ಕೇಳಿ. ಒಪ್ಪಂದದ ಪ್ರತಿ, ಒಪ್ಪಿಗೆ ಕೊಟ್ಟ ಸಭೆಯ ಟಿಪ್ಪಣಿ, ಕಂತುಗಳ ಸಂಖ್ಯೆ, ನಿರ್ಮಾಣದ ಖರ್ಚು ಒಳಗೆ ಸೇರಿದೆಯೇ ಇಲ್ಲವೇ. ಜೊತೆಗೆ, ಯಾವುದಾದರೂ ಒಂದು ನಿಲಯದಲ್ಲಿ ಕ್ಯಾಶುಯಲ್ ಅನೌನ್ಸರ್‌ಗಳಿಗೆ ಕಳೆದ ವರ್ಷ ಒಟ್ಟು ಎಷ್ಟು ಕೊಟ್ಟಿದ್ದಾರೆ ಅನ್ನುವುದನ್ನೂ ಕೇಳಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ವ್ಯಾಪಾರದ ಗುಟ್ಟು ಅಂತ ಸೆಕ್ಷನ್ 8ರ ಕೆಳಗೆ ನಿರಾಕರಿಸಬಹುದು. ಆಗ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ, ಇದರಲ್ಲಿ ದೊಡ್ಡ ಸಾರ್ವಜನಿಕ ಹಿತ ಇದೆ ಅಂತ ಕಾರಣ ಸಮೇತ ಬರೆಯಿರಿ. ಕೇಂದ್ರದ ಸಂಸ್ಥೆಗಳಲ್ಲಿ ಮೊದಲ ಮೇಲ್ಮನವಿಗೆ ಶುಲ್ಕ ಇಲ್ಲ. ಕರಡು ಬರೆದು ಇಲ್ಲಿ ಹಾಕಿ, ನಾನು ನೋಡಿಕೊಡುತ್ತೇನೆ.