ಕಾನ್ವಿಕ್ಟ್ ಮೀನಿನ ಜೋಡಿಯ ಟ್ಯಾಂಕಿಗೆ ಏಂಜಲ್ ಮೀನು ಬಿಟ್ಟೆ, ಬಾಲ ಹರಿದು ಹಾಕಿವೆ. ಏನು ಮಾಡಲಿ?

ಮಡಿಕೇರಿಯಿಂದ ಪ್ರಶ್ನೆ
ಮೂರಡಿ ಟ್ಯಾಂಕ್, ಸುಮಾರು 180 ಲೀಟರ್. ಒಂದು ವರ್ಷದಿಂದ ಎರಡೇ ಕಾನ್ವಿಕ್ಟ್ ಸಿಕ್ಲಿಡ್ ಇದ್ದವು. ಖಾಲಿ ಖಾಲಿ ಕಾಣುತ್ತದೆ ಅಂತ ಮೊನ್ನೆ ಮೈಸೂರಿಗೆ ಹೋದಾಗ ಎರಡು ಏಂಜಲ್ ತಂದೆ. ಮೀನಿದ್ದ ಕವರನ್ನು ಅರ್ಧ ಗಂಟೆ ಟ್ಯಾಂಕಿನ ನೀರಲ್ಲಿ ತೇಲಿಸಿಯೇ ಬಿಟ್ಟಿದ್ದು. ಹತ್ತು ನಿಮಿಷ ಆಗಿರಲಿಲ್ಲ, ದೊಡ್ಡ ಕಾನ್ವಿಕ್ಟ್ ಬಂದು ಗುದ್ದಲು ಶುರು ಮಾಡಿತು. ಈಗ ಒಂದು ಏಂಜಲಿನ ಬಾಲ ಹಲ್ಲು ಮುರಿದ ಬಾಚಣಿಗೆ ಹಾಗಿದೆ. ಎರಡೂ ಹೀಟರ್ ಹಿಂದೆ ಅವಿತಿವೆ, ಫುಡ್ ಮುಟ್ಟಿಲ್ಲ. ಕಲ್ಲು ಜರುಗಿಸಿದೆ, ಲೈಟ್ ಆರಿಸಿದೆ. ಏನೂ ಉಪಯೋಗವಾಗಲಿಲ್ಲ.

ವಿರಾಜಪೇಟೆಯಿಂದ
ಸರ್, ಚಿಕ್ಕ ಕಾನ್ವಿಕ್ಟಿನ ಹೊಟ್ಟೆ ಪಕ್ಕ ಕಿತ್ತಳೆ ಬಣ್ಣ ಇದೆಯಾ? ಇದ್ದರೆ ಅದು ಹೆಣ್ಣು. ಟ್ಯಾಂಕಲ್ಲಿ ಕುಂಡ, ಗುಹೆ ಏನಾದರೂ ಇದ್ದರೆ ಟಾರ್ಚ್ ಹಾಕಿ ಒಳಗೆ ನೋಡಿ.

ಮಡಿಕೇರಿಯಿಂದ
ಅಯ್ಯೋ, ಹೌದು! ಕುಂಡದೊಳಗೆ ರಾಗಿ ಕಾಳಿನಷ್ಟು ಮೊಟ್ಟೆ ಸಾಲಾಗಿ ಅಂಟಿವೆ. ಚಿಕ್ಕದು ರೆಕ್ಕೆ ಬೀಸುತ್ತಾ ಅಲ್ಲೇ ನಿಂತಿದೆ.

ವಿರಾಜಪೇಟೆಯಿಂದ
ಹಾಗಾದರೆ ಕಲ್ಲು ಜರುಗಿಸಿ ಪ್ರಯೋಜನ ಇಲ್ಲ. ಆ ಉಪಾಯ ಜಾಗಕ್ಕೆ ಜಗಳ ಆಡುವ ಮೀನಿಗೆ. ಹಳೆ ಗುರುತು ಅಳಿಸಿದರೆ ಟ್ಯಾಂಕಲ್ಲಿ ಎಲ್ಲರೂ ಹೊಸಬರೇ ಆಗುತ್ತಾರೆ, ಅಷ್ಟೇ. ನಿಮ್ಮವು ಮೊಟ್ಟೆ ಕಾಯುತ್ತಿವೆ. ಬೆಚ್ಚಗಿನ ನೀರಲ್ಲಿ ಸುಮಾರು ಮೂರು ದಿನಕ್ಕೆ ಒಡೆಯುತ್ತವೆ. ಆಮೇಲೆ ಮರಿಗಳ ಕಾವಲು ವಾರಗಟ್ಟಲೆ. ಅಲ್ಲಿವರೆಗೆ ಮೂರಡಿ ಟ್ಯಾಂಕ್ ಇಡೀ ಅವುಗಳದ್ದೇ.

ಏಂಜಲನ್ನು ಇವತ್ತೇ ತೆಗೆಯಿರಿ. ಬೇರೆ ಟ್ಯಾಂಕ್ ಇಲ್ಲದಿದ್ದರೆ ಸೋಪು ತಾಗದ ದೊಡ್ಡ ಟಬ್ ಸಾಕು. ಇದೇ ಟ್ಯಾಂಕಿನ ನೀರು ಹಾಕಿ, ಸ್ಪಂಜ್ ಫಿಲ್ಟರ್ ಇಡಿ, ದಿನಾ ಕಾಲು ಭಾಗ ನೀರು ಬದಲಿಸಿ. ಹೀಟರ್ ಬೇಕೇ ಬೇಕು, 26 ಡಿಗ್ರಿ ಇರಲಿ. ನಮ್ಮ ಮಳೆ ಗೊತ್ತಲ್ವಾ? ಹೋದ ಜುಲೈಯಲ್ಲಿ ಎರಡು ದಿನ ಕರೆಂಟ್ ಇರಲಿಲ್ಲ. ನಮ್ಮನೆ ಟ್ಯಾಂಕ್ 20 ಡಿಗ್ರಿಗೆ ಇಳಿಯಿತು. ಮೂರನೇ ದಿನ ನೋಡಿದರೆ ಮೀನಿನ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕಿ. ಗಾಯವಾದ ಮೀನಿಗೆ ಆ ಚುಕ್ಕಿ ರೋಗವೂ ಬಂದರೆ ಕಷ್ಟ. ಬಾಲದ ಬುಡ ಉಳಿದಿದ್ದರೆ ಮತ್ತೆ ಬೆಳೆಯುತ್ತದೆ, ಹೆದರಬೇಡಿ.

ಕುಶಾಲನಗರದಿಂದ
ಟ್ಯಾಂಕ್ ನಡುವೆ ತೂತಿರುವ ಗಟ್ಟಿ ಪ್ಲಾಸ್ಟಿಕ್ ಶೀಟ್ ಅಡ್ಡ ಇಟ್ಟರೂ ಆಗುತ್ತದೆ. ತೋಟದ ಶೇಡ್ ನೆಟ್ ಮಾತ್ರ ಬೇಡ, ರೆಕ್ಕೆ ಸಿಕ್ಕಿಕೊಳ್ಳುತ್ತದೆ. ನಾನು ಮಾಡಿ ಅನುಭವಿಸಿದ್ದೇನೆ. ಆದರೆ ಏಂಜಲ್ ನಿಧಾನದ ಮೀನು, ಉದ್ದ ರೆಕ್ಕೆ ಬೇರೆ. ಮೊಟ್ಟೆ ಇಲ್ಲದಾಗಲೂ ಕಾನ್ವಿಕ್ಟ್ ಜೊತೆ ಸೇರಿಸಬೇಡಿ ಅಂತಲೇ ನಾನು ಹೇಳುವುದು. ಇನ್ನು ಮುಂದೆ ಏನೇ ತಂದರೂ ಎರಡು ಮೂರು ವಾರ ಬೇರೆ ಇಟ್ಟು, ರೋಗ ಇಲ್ಲ ಅಂತ ಖಾತ್ರಿಯಾದ ಮೇಲೆ ಬಿಡಿ.

ಮಡಿಕೇರಿಯಿಂದ, ಹನ್ನೆರಡು ದಿನದ ಮೇಲೆ
ಏಂಜಲ್ ಎರಡೂ ಟಬ್ಬಲ್ಲಿ ಆರಾಮಾಗಿವೆ, ಫುಡ್ ತಿನ್ನುತ್ತಿವೆ. ಬಾಲದ ಅಂಚಲ್ಲಿ ಗಾಜಿನಂತೆ ತೆಳ್ಳಗೆ ಹೊಸ ರೆಕ್ಕೆ ಬರುತ್ತಿದೆ. ಅವಕ್ಕೆ ಬೇರೆ ಟ್ಯಾಂಕೇ ತರುತ್ತೇನೆ, ಮನೆಯವರಿಗೆ ಇನ್ನೂ ಹೇಳಿಲ್ಲ. ಈ ಕಡೆ ಕಾನ್ವಿಕ್ಟ್ ಮರಿ ನೂರಕ್ಕೂ ಜಾಸ್ತಿ ಓಡಾಡುತ್ತಿವೆ. ಸ್ವಲ್ಪ ದೊಡ್ಡದಾದ ಮೇಲೆ ಯಾರಿಗಾದರೂ ಬೇಕಾ?