ಕಣ್ಣೂರಿನ ಅಗ್ಗದ ಟಿಕೆಟ್ಟೋ, ದೇವನಹಳ್ಳಿಯೋ? ಹೋಗಿ ಬಂದವರು ಹೇಳಿ

ನಾವು ಮಂಡ್ಯದವರು. ಅಪ್ಪ ಅಮ್ಮ ಡಿಸೆಂಬರಿನಲ್ಲಿ ದುಬೈಗೆ, ತಂಗಿ ಮನೆಗೆ ಹೊರಟಿದ್ದಾರೆ. ಬೆಂಗಳೂರಿಗಿಂತ ಕಣ್ಣೂರಿನಿಂದ ಇಬ್ಬರಿಗೂ ಸೇರಿ 9,000 ರೂಪಾಯಿ ಕಮ್ಮಿ ಬೀಳುತ್ತದೆ. ಅಪ್ಪನಿಗೆ ಮಂಡಿ ನೋವು. ಯಾವುದು ವಾಸಿ?

ವಿಜಯನಗರ, ಮೈಸೂರು
ಕಣ್ಣೂರೇ. ನಾನು ಎರಡು ಸಲ ಹೋಗಿದ್ದೇನೆ. ಮೈಸೂರಿನಿಂದ ಸುಮಾರು 160 ಕಿಲೋಮೀಟರ್. ಬೆಳಗಿನ ಜಾವ 3ಕ್ಕೆ ಮನೆ ಬಿಟ್ಟೆವು. ಹುಣಸೂರು, ತಿತಿಮತಿ, ಗೋಣಿಕೊಪ್ಪ, ವಿರಾಜಪೇಟೆ. ಮಾಕುಟ್ಟ ಘಾಟಿ ಇಳಿದರೆ ಇರಿಟ್ಟಿ, ಅಲ್ಲಿಂದ ಏರ್‌ಪೋರ್ಟ್ ಇರುವ ಮಟ್ಟನ್ನೂರು ಹತ್ತಿರವೇ. ಏಳೂವರೆಗೆ ಒಳಗಿದ್ದೆವು. ಕೋಳಿಕೋಡ್ ಏರ್‌ಪೋರ್ಟಿಗೆ ಹೋಗಿದ್ದರೆ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟ್ ಹಾಕಿರುತ್ತಾರೆ, ಈ ದಾರಿಯಲ್ಲಿ ಆ ಕಾಟ ಇಲ್ಲ. 2018ರ ಡಿಸೆಂಬರಿನಲ್ಲಿ ಶುರುವಾದ ಏರ್‌ಪೋರ್ಟ್, ನೂಕುನುಗ್ಗಲಿಲ್ಲ. ಇಮಿಗ್ರೇಶನ್ 20 ನಿಮಿಷದಲ್ಲಿ ಮುಗಿಯಿತು.

ಸುಭಾಷ್ ನಗರ, ಮಂಡ್ಯ
ದಯವಿಟ್ಟು ಬೇಡ. ಜುಲೈಯಲ್ಲಿ ನಾವು ಹೋದಾಗ ಮಾಕುಟ್ಟದಲ್ಲಿ ಮರ ಬಿದ್ದಿತ್ತು. 2 ಗಂಟೆ 40 ನಿಮಿಷ ಕಾರಿನಲ್ಲೇ ಕೂತೆವು, ಫೋನಿಗೆ ಸಿಗ್ನಲ್ ಇಲ್ಲ. ಹೋಗುವಷ್ಟರಲ್ಲಿ ಕೌಂಟರ್ ಮುಚ್ಚಿದ್ದರು. ಅಗ್ಗದ ಟಿಕೆಟ್, ಒಂದು ಪೈಸೆ ವಾಪಸ್ ಬರಲಿಲ್ಲ. ಲೆಕ್ಕ ಇವತ್ತಿಗೂ ಬಾಯಿಪಾಠ. ಟ್ಯಾಕ್ಸಿ 7,200, ಕೇರಳ ಪರ್ಮಿಟ್ 600, ಡ್ರೈವರ್ ಬಾಟಾ 500, ಕಾದಿದ್ದಕ್ಕೆ 900, ರೂಮು 1,800, ಹೊಸ ಟಿಕೆಟ್ 18,400. ಒಟ್ಟು 29,400. ಉಳಿಸೋಣ ಅಂತ ಹೊರಟಿದ್ದು 6,000. ನಾದಿನಿಯ ಮಗುವಿನ ನಾಮಕರಣವೂ ತಪ್ಪಿತು.

ವಿಜಯನಗರ, ಮೈಸೂರು
ಮಳೆಗಾಲದಲ್ಲಿ ಆ ಘಾಟಿಗೆ ಯಾರು ಹೋಗುತ್ತಾರೆ? 2018ರಲ್ಲಿ ಗುಡ್ಡ ಕುಸಿದಿದ್ದು ಗೊತ್ತಿಲ್ವಾ? ಇವರು ಕೇಳಿದ್ದು ಡಿಸೆಂಬರ್.

ಸುಭಾಷ್ ನಗರ, ಮಂಡ್ಯ
ಸಾವು ನೋವು, ಬಾಣಂತನ ಎಲ್ಲ ಮಳೆಗಾಲ ನೋಡಿಕೊಂಡು ಬರುತ್ತದಾ? ನಿಮಗೆ ಸಲೀಸಾಗಿದ್ದಕ್ಕೆ ಎಲ್ಲರನ್ನೂ ಆ ಕಾಡಿಗೆ ಅಟ್ಟಬೇಡಿ.

ಕುವೆಂಪುನಗರ, ಮೈಸೂರು
ಇಬ್ಬರೂ ಸುಮ್ನೆ ಜಗಳ ಆಡ್ತಿದ್ದೀರಿ. ಫ್ಲೈಬಸ್ ಇದೆ. ಮೈಸೂರು ಬಸ್ ಸ್ಟ್ಯಾಂಡಿನಲ್ಲಿ ಹತ್ತಿದರೆ ಇಳಿಯುವುದು ದೇವನಹಳ್ಳಿ ಏರ್‌ಪೋರ್ಟಿನಲ್ಲೇ. ನಾನು ಒಂಟಿ ಹೆಂಗಸು, ಎರಡು ದೊಡ್ಡ ಸೂಟ್‌ಕೇಸು, ರಾತ್ರಿ ಪ್ರಯಾಣ, ಮೂರು ಸಲ ಹೋಗಿದ್ದೇನೆ. ಯಾರಿಗೂ ಫೋನ್ ಮಾಡಿ ಬಾ ಅಂತ ಬೇಡಿಕೊಳ್ಳಲಿಲ್ಲ. ಹಗಲು ಮಾತ್ರ ಬೇಡ, ಹೆಬ್ಬಾಳದಲ್ಲಿ ಜೀವ ಹೋಗುತ್ತದೆ.

ಮದ್ದೂರು
ಕಾರಿದ್ದರೆ ಬೆಂಗಳೂರಿನ ಹೊರಗೆ ಸುತ್ತಿ ಹೋಗುವ ನೈಸ್ ರಸ್ತೆ ಹಿಡಿಯಿರಿ. ಬಿಡದಿ ಹತ್ತಿರ ಟೋಲ್, ನೈಸ್‌ನಲ್ಲಿ ಟೋಲ್, ಸಾದಹಳ್ಳಿಯಲ್ಲಿ ಟೋಲ್. ನಾಲ್ಕು ದಿನ ಪಾರ್ಕಿಂಗ್‌ಗೆ ಕಟ್ಟಿದ ದುಡ್ಡಿನಲ್ಲಿ ಇನ್ನೊಂದು ಟಿಕೆಟ್ ಬರುತ್ತಿತ್ತು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದ ಮೇಲೆ ಬೇಗ ಹೋಗುತ್ತೀರಿ, ನಿಜ. ಆದರೆ ನಮ್ಮ ಊರೊಳಗೆ ಗಾಡಿ ನಿಲ್ಲುವುದೇ ಇಲ್ಲ. ನಮ್ಮ ಮಾವನ ಹೋಟೆಲಿನಲ್ಲಿ ದಿನಕ್ಕೆ 300 ವಡೆ ಹೋಗುತ್ತಿತ್ತು. ಈಗ 60.

ವಿಜಯನಗರ, ಮೈಸೂರು
ನಮ್ಮ ಮೈಸೂರಿನ ಮಂಡಕಳ್ಳಿ ಏರ್‌ಪೋರ್ಟಿನಲ್ಲಿ ರನ್‌ವೇ ಉದ್ದ ಮಾಡಿದ್ದರೆ ಇಷ್ಟು ಮಾತೇ ಇರುತ್ತಿರಲಿಲ್ಲ. 1,740 ಮೀಟರಿಗೆ ಎಟಿಆರ್‌ನಂಥ ಸಣ್ಣ ವಿಮಾನ ಬಿಟ್ಟು ಏನು ಬರುತ್ತದೆ? ಒಂದು ಕಡೆ ನಂಜನಗೂಡು ರಸ್ತೆ, ಪಕ್ಕದಲ್ಲೇ ರೈಲು ಹಳಿ.

ಮದ್ದೂರು
ಉದ್ದ ಮಾಡಿ ಅನ್ನೋದು ಸುಲಭ. ಜಮೀನು ಯಾರದು ಹೋಗುತ್ತದೆ? ಹೆದ್ದಾರಿಗೆ ನಮ್ಮದು 22 ಗುಂಟೆ ಹೋಯಿತು. ಆ ನೋವು ವಿಜಯನಗರದಲ್ಲಿ ಸೈಟಿನ ಮನೆ ಕಟ್ಟಿಕೊಂಡವರಿಗೆ ಗೊತ್ತಾಗಲ್ಲ.

ವಿಜಯನಗರ, ಮೈಸೂರು
ನಮ್ಮಪ್ಪನೂ ರೈತನೇ. ಮಾತು ಹಿಡಿತದಲ್ಲಿರಲಿ.

ಕುವೆಂಪುನಗರ, ಮೈಸೂರು
ಕೇಳಿದವರ ಅಪ್ಪನಿಗೆ ಮಂಡಿ ನೋವು. ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಬೇಕು ಅಂತ ಹಾಕಿ. ನಮ್ಮಮ್ಮನಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಬೆಂಗಳೂರಿನ ಟರ್ಮಿನಲ್ 2ರಲ್ಲಿ ನಡೆಯುವುದು ಬಹಳ ಇದೆ.

ವಿಜಯನಗರ, ಮೈಸೂರು
ಕಣ್ಣೂರಿನಲ್ಲಿ ಅಷ್ಟು ನಡೆಯಬೇಕಿಲ್ಲ. ಭಾನುವಾರ ಮತ್ತೆ ಹೊರಟಿದ್ದೇನೆ. ಘಾಟಿ ರಸ್ತೆಯ ಫೋಟೋ ಹಾಕುತ್ತೇನೆ, ಸುಭಾಷ್ ನಗರದವರು ತಪ್ಪದೆ ನೋಡಲಿ.