ಮಾಟಗಾತಿಯರ ಟ್ಯಾರೋ ಡೆಕ್: ಮೂರು ಕಾರ್ಡ್ ಆದಮೇಲೆ ಕೈ ನಿಂತಿದೆ, ಮುಂದೇನು?

ಪ್ರಶ್ನೆ: ನಮಸ್ತೆ ಮೇಡಂ. ಮಾಟಗಾತಿಯರನ್ನೇ ಇಟ್ಟುಕೊಂಡು ಪೂರ್ತಿ 78 ಕಾರ್ಡುಗಳ ಟ್ಯಾರೋ ಡೆಕ್ (ಭವಿಷ್ಯ ಓದುವ ಚಿತ್ರದ ಕಾರ್ಡುಗಳ ಕಟ್ಟು) ಮಾಡಬೇಕು ಅಂತ ಆಸೆ. ಫೂಲ್, ಹೈ ಪ್ರೀಸ್ಟೆಸ್, ಮೂನ್ ಮೂರೂ ಚೆನ್ನಾಗಿ ಬಂದಿವೆ. ಆಮೇಲೆ ಯಾರನ್ನು ಬಿಡಿಸಿದರೂ ಒಂದೇ ಥರ ಕಾಣುತ್ತಾರೆ. ಚೂಪು ಟೋಪಿ, ಕಪ್ಪು ಬಟ್ಟೆ, ಹಿಂದೆ ಚಂದ್ರ. ಹೇಗೆ ಮುಂದುವರಿಯಲಿ?

ಉತ್ತರ: ನಮಸ್ತೆ. ಮೇಜರ್ ಆರ್ಕಾನಾ, ಅಂದರೆ ಫೂಲ್, ಮೂನ್ ಥರ ಹೆಸರಿರುವ 22 ಕಾರ್ಡುಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೈನರ್ ಆರ್ಕಾನಾ, ಅಂದರೆ ಇಸ್ಪೀಟಿನ ಹಾಗೆ ನಾಲ್ಕು ಸೂಟ್ ಇರುವ 56ರಿಂದ ಶುರು ಮಾಡಿ. ಮೇಜರ್‌ನಲ್ಲಿ ಹೆಸರೇ ಅರ್ಧ ಕೆಲಸ ಮಾಡಿಕೊಡುತ್ತದೆ. ಸಾವು, ಗೋಪುರ, ಸೂರ್ಯ ಅಂದ ತಕ್ಷಣ ಕಣ್ಣ ಮುಂದೆ ಏನೋ ಬರುತ್ತದೆ. ‘ಫೋರ್ ಆಫ್ ಕಪ್ಸ್’ ಅಂದರೆ ನಾಲ್ಕು ಬಟ್ಟಲು ಬಿಟ್ಟು ಏನೂ ಬರುವುದಿಲ್ಲ. ಅಲ್ಲಿ ನಿಮ್ಮ ಮಾಟಗಾತಿ ಯಾರು, ಬೆಳಗಾದರೆ ಏನು ಮಾಡುತ್ತಾಳೆ ಅಂತ ನೀವೇ ತೀರ್ಮಾನಿಸಬೇಕು.

1909ರಲ್ಲಿ ಲಂಡನ್‌ನಲ್ಲಿ ಬಂದ ರೈಡರ್-ವೇಟ್ ಡೆಕ್‌ಗೆ ಚಿತ್ರ ಬಿಡಿಸಿದ ಪಮೇಲಾ ಕೋಲ್ಮನ್ ಸ್ಮಿತ್ ಮಾಡಿದ್ದು ಇದನ್ನೇ. ಅದಕ್ಕೆ ಮುಂಚಿನ ಹೆಚ್ಚಿನ ಡೆಕ್‌ಗಳಲ್ಲಿ ಮೈನರ್ ಅಂದರೆ ಬರೀ ಎಣಿಕೆ, ಇಸ್ಪೀಟಿನ ಹಾಗೆ. ಸ್ಮಿತ್ ಅಲ್ಲಿಗೆ ಜನರನ್ನು ತಂದರು, ಅವರ ಕೈಗೆ ಕೆಲಸ ಕೊಟ್ಟರು. ಇವತ್ತಿಗೂ ಜನ ಆ ಕಾರ್ಡುಗಳನ್ನು ನೋಡಿಯೇ ಟ್ಯಾರೋ ಕಲಿಯುತ್ತಾರೆ.

ಟೋಪಿಯ ವಿಷಯಕ್ಕೆ ಬರೋಣ. ಹಳೆಯ ಯುರೋಪಿನ ಚಿತ್ರಗಳನ್ನು ತೆಗೆದು ನೋಡಿ. 1500ರ ಸುಮಾರಿಗೆ ಆಲ್ಬ್ರೆಕ್ಟ್ ಡ್ಯೂರರ್ ಕೊರೆದ ಮಾಟಗಾತಿ ಮೇಕೆಯ ಮೇಲೆ ಹಿಂದುಮುಂದಾಗಿ ಕೂತಿದ್ದಾಳೆ. ಕೂದಲು ಗಾಳಿಗೆ ಹಾರುತ್ತಿದೆ. ಟೋಪಿ ಇಲ್ಲ. ಕೈಯಲ್ಲಿರುವುದು ನೂಲುವ ಕೋಲು. 1510ರಲ್ಲಿ ಹಾನ್ಸ್ ಬಾಲ್ಡುಂಗ್ ಗ್ರೀನ್ ಮಾಡಿದ ಮರದಚ್ಚಿನ ಚಿತ್ರದಲ್ಲಿ ಮಡಕೆ ಇದೆ, ಕವಲುಗೋಲಿದೆ. ರಷ್ಯನ್ ಕಥೆಗಳ ಬಾಬಾ ಯಾಗಾ ಹಾರಾಡುವುದು ಒರಳಿನಲ್ಲಿ ಕೂತು, ಒನಕೆ ಹಿಡಿದು. ಗಮನಿಸಿದಿರಾ? ಎಲ್ಲವೂ ಮನೆಗೆಲಸದ ಸಾಮಾನು. ಮಾಟಗಾತಿ ಅಂದರೆ ದಿನಾ ಬಳಸುವ ಸಾಮಾನಿನಿಂದ ಬೇರೆಯದೇ ಏನೋ ಮಾಡುವ ಹೆಂಗಸು. ಇದು ಸಿಕ್ಕರೆ ಡೆಕ್ ಸಿಕ್ಕ ಹಾಗೆ.

ಆಗ ನಾಲ್ಕು ಸೂಟ್‌ಗಳಿಗೂ ಕೆಲಸ ಹಂಚಬಹುದು. ವಾಂಡ್ಸ್‌ಗೆ ಪೊರಕೆ, ನೂಲುವ ಕೋಲು, ಒಲೆಯ ಸೌದೆ. ಕಪ್ಸ್‌ಗೆ ಕಷಾಯ, ಕುದಿಯುವ ಕೊಪ್ಪರಿಗೆ. ಪೆಂಟಕಲ್ಸ್‌ಗೆ ಗಿಡಮೂಲಿಕೆ, ಹಿತ್ತಲು, ಮದ್ದು ಕೊಟ್ಟಿದ್ದಕ್ಕೆ ಸಿಕ್ಕ ಕಾಸು. ಸ್ವೋರ್ಡ್ಸ್ ಅಂದರೆ ಮಾತು, ಬುದ್ಧಿ, ನೋವು. ಅಲ್ಲಿ ಚಾಡಿ, ಮಾಟದ ಆರೋಪ, ವಿಚಾರಣೆ ಬರಲಿ.

ಮೊದಲು ಕೇಳಿದವರು: ಸ್ವೋರ್ಡ್ಸ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೀರಾ ಮೇಡಂ? ವಿಚಾರಣೆ ಅಂದರೆ ಬೆಂಕಿಗೆ ಹಾಕುವುದನ್ನು ಬಿಡಿಸಬೇಕಾ ಅಂತ ಹಿಂಜರಿಕೆ.

ಉತ್ತರ: ನಿಮ್ಮ ಹಿಂಜರಿಕೆ ಸರಿಯಾಗಿಯೇ ಇದೆ. ಸತ್ತವರು ನಿಜವಾದ ಜನ. ಅವರನ್ನು ಅಲಂಕಾರಕ್ಕೆ ಬಳಸಬಾರದು. ಇನ್ನೊಂದು ವಿಷಯ, ಯಾವ ಊರಿನ ಕಥೆ ಅಂತ ನೋಡಿಕೊಳ್ಳಿ. 1692ರಲ್ಲಿ ಅಮೆರಿಕದ ಸೇಲಂನಲ್ಲಿ ನಡೆದ ಮಾಟದ ವಿಚಾರಣೆಯಲ್ಲಿ 19 ಜನರನ್ನು ಗಲ್ಲಿಗೆ ಹಾಕಿದರು, ಒಬ್ಬರನ್ನು ಕಲ್ಲು ಹೇರಿ ಕೊಂದರು. ಯಾರನ್ನೂ ಸುಡಲಿಲ್ಲ. ಸುಟ್ಟಿದ್ದು ಜರ್ಮನಿಯಂಥ ಕಡೆಗಳಲ್ಲಿ. ಸೇಲಂ ಅಂತ ಬರೆದು ಚಿತೆ ಬಿಡಿಸಿದರೆ ತಿಳಿದವರು ಅಲ್ಲೇ ಕಾರ್ಡ್ ಕೆಳಗಿಡುತ್ತಾರೆ.

ಏಟ್ ಆಫ್ ಸ್ವೋರ್ಡ್ಸ್ ತೆಗೆದುಕೊಳ್ಳಿ. ಸ್ಮಿತ್ ಚಿತ್ರದಲ್ಲಿ ಒಬ್ಬಳು ಹೆಂಗಸು ನಿಂತಿದ್ದಾಳೆ. ಕಣ್ಣಿಗೆ ಬಟ್ಟೆ, ಮೈಗೆ ಕಟ್ಟು, ಸುತ್ತ ನೆಲಕ್ಕೆ ನೆಟ್ಟ ಕತ್ತಿಗಳು. ಆದರೆ ಕಾಲು ಕಟ್ಟಿಲ್ಲ. ಎದುರಿಗೆ ಕತ್ತಿಯೂ ಇಲ್ಲ. ನಿಮ್ಮ ಡೆಕ್‌ನಲ್ಲಿ ಅವಳು ವಿಚಾರಣೆಗೆ ಎಳೆದು ತಂದವಳಾಗಬಹುದು. ಜನರ ಮುಖ ಬೇಡ. ಅಂಚಿನಿಂದ ಎಂಟು ಕೈಗಳು ಅವಳ ಕಡೆ ಬೆರಳು ತೋರಿಸಲಿ. ನೆಲದ ಮೇಲೆ ಆ ಕೈಗಳ ನೆರಳು ಕತ್ತಿಯ ಆಕಾರದಲ್ಲಿ ಬೀಳಲಿ. ಎಣಿಸಿದರೆ ಎಂಟೇ ಸಿಗಬೇಕು, ಓದುವವರು ಖಂಡಿತ ಎಣಿಸುತ್ತಾರೆ. ಕಾಲ ಮುಂದಿನ ಜಾಗ ಮಾತ್ರ ಖಾಲಿ ಬಿಡಿ. ಅದನ್ನೂ ಮುಚ್ಚಿದರೆ ಕಾರ್ಡಿನ ಅರ್ಥವೇ ಹೋಗುತ್ತದೆ. ದಾರಿ ಪೂರ್ತಿ ಮುಗಿಯುವುದು ಟೆನ್ ಆಫ್ ಸ್ವೋರ್ಡ್ಸ್‌ನಲ್ಲಿ.

ಇನ್ನೊಬ್ಬ ಸದಸ್ಯರು: ಸ್ಮಿತ್ ಅವರ ಚಿತ್ರದ ಜೋಡಣೆಯನ್ನೇ ಬಳಸಿದರೆ ಕಾಪಿರೈಟ್ ತೊಂದರೆ ಬರಲ್ವಾ?

ಉತ್ತರ: ಸ್ಮಿತ್ ತೀರಿಕೊಂಡಿದ್ದು 1951ರಲ್ಲಿ. ಬ್ರಿಟನ್‌ನಲ್ಲಿ ಕಲಾವಿದರು ತೀರಿಕೊಂಡ ಮೇಲೆ 70 ವರ್ಷ ಹಕ್ಕು ಇರುತ್ತದೆ, ಅದು 2021ಕ್ಕೆ ಮುಗಿಯಿತು. 1909ರ ಮೂಲ ಚಿತ್ರಗಳನ್ನೇ ನೋಡಿಕೊಳ್ಳಿ. ಆಮೇಲೆ ಬೇರೆಯವರು ಹೊಸದಾಗಿ ಬಣ್ಣ ಹಾಕಿದ ಆವೃತ್ತಿಗಳ ತಂಟೆಗೆ ಹೋಗಬೇಡಿ. ಥೋತ್ ಅನ್ನುವ ಇನ್ನೊಂದು ಟ್ಯಾರೋ ಡೆಕ್ ಬಿಡಿಸಿದ ಫ್ರೀಡಾ ಹ್ಯಾರಿಸ್ ತೀರಿಕೊಂಡಿದ್ದು 1962ರಲ್ಲಿ. ಆ ಚಿತ್ರಗಳನ್ನು ಮುಟ್ಟಬೇಡಿ.

ಮತ್ತೊಬ್ಬರು: ಪ್ರಿಂಟ್‌ಗೆ ಕಳಿಸುವ ಮುಂಚೆ ಏನು ನೋಡಿಕೊಳ್ಳಬೇಕು ಮೇಡಂ?

ಉತ್ತರ: ಟ್ಯಾರೋ ಕಾರ್ಡಿಗೆ 70×120 ಮಿ.ಮೀ. ಜಾಸ್ತಿ ಬಳಕೆಯಲ್ಲಿರುವ ಅಳತೆ. ನಾಲ್ಕೂ ಕಡೆ 3 ಮಿ.ಮೀ. ಬ್ಲೀಡ್ (ಕತ್ತರಿಸುವಾಗ ಹೋಗುವ ಹೆಚ್ಚುವರಿ ಅಂಚು) ಸೇರಿಸಿ 76×126ಕ್ಕೆ ಕ್ಯಾನ್ವಾಸ್ ಇಡಿ. 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ ಅನ್ನುವ ಲೆಕ್ಕ) ಕಡಿಮೆ ಅಂದರೂ ಬೇಕು. ನಾನಾದರೆ 600ರಲ್ಲೇ ಬಿಡಿಸುತ್ತೇನೆ, ಮುಂದೆ ಪೋಸ್ಟರ್ ಮಾಡಲೂ ಬರುತ್ತದೆ.

ಮಾಟಗಾತಿ ಡೆಕ್‌ಗಳಲ್ಲಿ ಕತ್ತಲೆ ಜಾಸ್ತಿ ಅಲ್ವಾ, ಅಲ್ಲೇ ಪೆಟ್ಟು ಬೀಳುವುದು. ಪರದೆಯ ಮೇಲೆ ಹೊಳೆಯುವ ನೇರಳೆ, ಹಸಿರು ಬಣ್ಣಗಳು ಸಿಎಂವೈಕೆಗೆ, ಅಂದರೆ ಪ್ರಿಂಟಿನ ನಾಲ್ಕು ಶಾಯಿಗಳಿಗೆ ಬಂದಾಗ ಮಂಕಾಗುತ್ತವೆ. ಕಪ್ಪು ಬಟ್ಟೆಯ ಮಡಿಕೆಗಳೆಲ್ಲ ಒಂದೇ ಮುದ್ದೆಯಾಗುತ್ತವೆ. ಮೊದಲೇ ಸಿಎಂವೈಕೆ ಪ್ರೂಫ್ ಹಾಕಿಕೊಂಡು ಕೆಲಸ ಮಾಡಿ. ನಿಮ್ಮ ಡೆಕ್‌ನ ಅತಿ ಕತ್ತಲೆಯ ಕಾರ್ಡನ್ನು ನಿಜವಾದ ಅಳತೆಯಲ್ಲಿ ಪ್ರಿಂಟ್ ತೆಗೆದು, ಕೈ ಚಾಚಿದಷ್ಟು ದೂರದಿಂದ ನೋಡಿ. ಅವಳು ಏನು ಮಾಡುತ್ತಿದ್ದಾಳೆ ಅಂತ ಗೊತ್ತಾಗದಿದ್ದರೆ ಹಿನ್ನೆಲೆ ತಿಳಿ ಮಾಡಿ.

ತೆಳು ಬಾರ್ಡರ್ ಹಾಕಬೇಡಿ. ಕತ್ತರಿಸುವಾಗ ಒಂದು ಕೂದಲು ಸರಿದರೂ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ ಕಾಣುತ್ತದೆ. ಕಾರ್ಡಿನ ಬೆನ್ನಿನ ಚಿತ್ರವನ್ನು ತಲೆಕೆಳಗು ಮಾಡಿದರೂ ಒಂದೇ ಥರ ಕಾಣಬೇಕು. ಒಂದೇ ಒಂದು ಅರ್ಧಚಂದ್ರ ಇಟ್ಟರೆ, ಕಾರ್ಡ್ ತಿರುಗಿಸುವ ಮುಂಚೆಯೇ ಅದು ರಿವರ್ಸ್ಡ್ (ತಲೆಕೆಳಗಾಗಿ ಬಂದ ಕಾರ್ಡ್) ಅಂತ ಓದುವವರಿಗೆ ಗೊತ್ತಾಗಿಬಿಡುತ್ತದೆ. ಎರಡು ಚಂದ್ರ ಇಡಿ, ಒಂದು ಮೇಲೆ, ಇನ್ನೊಂದು ಅದನ್ನೇ ತಿರುಗಿಸಿ ಕೆಳಗೆ.

ಮೊದಲು ಕೇಳಿದವರು: ತುಂಬಾ ಥ್ಯಾಂಕ್ಸ್ ಮೇಡಂ. ಪೆಂಟಕಲ್ಸ್‌ನಿಂದ ಶುರು ಮಾಡ್ತೀನಿ.

ಉತ್ತರ: ಒಳ್ಳೆಯದು. ಏಸ್ ಬೇಡ, ತ್ರೀಯಿಂದ ಶುರು ಮಾಡಿ. ಅದು ಕೂಡಿ ಮಾಡುವ ಕೆಲಸದ ಕಾರ್ಡ್. ಮೂರು ಜನ ಸೇರಿ ಬೇರು ಜಜ್ಜುತ್ತಿರಲಿ, ಮೂವರ ವಯಸ್ಸೂ ಬೇರೆ ಬೇರೆ ಇರಲಿ. ರಫ್ ಸ್ಕೆಚ್ ಆದರೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.